ಧ್ವನಿಮುದ್ರಿಕೆಯ ಪೂರ್ಣಪ್ರತಿಯೂ ಸಂಗ್ರಹಪ್ರತಿಯೂ: ಕರ್ಣಾಟಕದಲ್ಲಿ ಮನೆಯ ಸಂಗೀತಶ್ರವಣದ ಚರಿತ್ರೆ

ಕನ್ನಡ ಸಾಹಿತ್ಯದ ಚರಿತ್ರೆಯನ್ನು ಓದಿದವರಿಗೆ ಒಂದನೆಯ ಗುಣವರ್ಮನ ಹೆಸರು ಅಪರಿಚಿತವಲ್ಲ. ಪಂಪನಿಗಿಂತ ಹಿಂದಿನವನಾದ ಈ ಕವಿಯು ‘ಶೂದ್ರಕ’, ‘ಹರಿವಂಶ’ ಎಂಬ ಕಾವ್ಯಗಳನ್ನು ರಚಿಸಿದನೆಂಬುದು ಗೊತ್ತಿರುವ ವಿಷಯ. ಆದರೆ ಆ ಕಾವ್ಯಗಳು ಇಂದು ಇಲ್ಲ. ಇರುವುದು ಬಿಡಿ ಪದ್ಯಗಳು ಮಾತ್ರ. 13ನೆಯ ಶತಮಾನದ ನಡುಗಾಲದಲ್ಲಿ ಮಲ್ಲಿಕಾರ್ಜುನನು ಹಿಂದಿನ ಕಾವ್ಯಗಳಿಂದ ತನಗೆ ಸೊಗಸೆಂದು ತೋರಿದ ಪದ್ಯಗಳನ್ನು ಆಯ್ದು, ವರ್ಣನೆಗಳ ಕ್ರಮದಲ್ಲಿ ಜೋಡಿಸಿ ‘ಸೂಕ್ತಿಸುಧಾರ್ಣವ’ವನ್ನು ಸಿದ್ಧಪಡಿಸಿದನು. ಅವನ ಮಗನಾದ ಕೇಶಿರಾಜನು ‘ಶಬ್ದಮಣಿದರ್ಪಣ’ದ ಸೂತ್ರಗಳಿಗೆ ಲಕ್ಷ್ಯವಾಗಿ ಇನ್ನಷ್ಟು ಪದ್ಯಗಳನ್ನೂ ಪಂಕ್ತಿಗಳನ್ನೂ ಎತ್ತಿಕೊಂಡನು. ಮೂಲವನ್ನು ರಕ್ಷಿಸಬೇಕೆಂಬುದು ತಂದೆಯ ಉದ್ದೇಶವೂ ಅಲ್ಲ, ಮಗನ ಉದ್ದೇಶವೂ ಅಲ್ಲ. ಒಬ್ಬನಿಗೆ ರಸಿಕರ ಸೌಕರ್ಯ, ಇನ್ನೊಬ್ಬನಿಗೆ ವ್ಯಾಕರಣದ ನಿದರ್ಶನ. ಮೂಲಗ್ರಂಥಗಳು ಆಗ ಕೈಗೆ ಸಿಕ್ಕುತ್ತಿದ್ದುದರಿಂದ ಅವು ಇಲ್ಲವಾದಾವೆಂಬ ಶಂಕೆ ಅವರಿಗೆ ಬಂದಿರಲಾರದು. ಸೌಕರ್ಯಕ್ಕಾಗಿ ಮಾಡಿದ ಸಂಗ್ರಹವು ಉಳಿದು, ಮೂಲವು ಅಳಿದುಹೋಯಿತು. ಈಗ ಎಷ್ಟು ಪಾಂಡಿತ್ಯವನ್ನು ವಿನಿಯೋಗಿಸಿದರೂ ಆ ಬಿಡಿ ಪದ್ಯಗಳಿಂದ ‘ಶೂದ್ರಕ’ವನ್ನು ಮತ್ತೆ ಕಟ್ಟುವುದು ಸಾಧ್ಯವಿಲ್ಲ.

ಇದೇ ಬಗೆಯ ಸಂದರ್ಭವು ಈಗ ನಾದಕ್ಕೆ ಒದಗಿದೆ. ಸಂಗೀತವನ್ನು ಮನೆಯಲ್ಲಿ ಕೇಳುವವರು ಇಂದು ಅದನ್ನು ಹೆಚ್ಚಾಗಿ ಫೈಲುಗಳ ರೂಪದಲ್ಲಿ ಇಟ್ಟುಕೊಳ್ಳುತ್ತಾರೆ. ಅಡಕಮಾಡಿದ ಈ ಫೈಲುಗಳಲ್ಲಿ ಎರಡು ಜಾತಿಗಳುಂಟು. ಮುದ್ರಣಕಾಲದಲ್ಲಿ ದೊರೆತ ಅಂಕಿಗಳಲ್ಲಿ ಒಂದನ್ನೂ ಬಿಡದೆ, ಅವು ಹಿಡಿಯುವ ಸ್ಥಳವನ್ನು ಮಾತ್ರ ಕಡಿಮೆಮಾಡಿ ಕಟ್ಟಿಟ್ಟದ್ದು ಒಂದು. ಕಿವಿಗೆ ಕೇಳಿಸದೆಂದು ಎಣಿಸಿದ ಭಾಗವನ್ನು ಕಳೆದು, ಉಳಿದುದನ್ನು ಕಟ್ಟಿಟ್ಟದ್ದು ಇನ್ನೊಂದು. ಫ್ಲಾಕ್ ಎಂಬುದು ಮೊದಲನೆಯದಕ್ಕೂ, ಎಂಪಿ3 ಎಂಬುದು ಎರಡನೆಯದಕ್ಕೂ ಪ್ರಸಿದ್ಧವಾದ ಉದಾಹರಣೆಗಳು. ಮುಂದಿನ ವಿವೇಚನೆಯಲ್ಲಿ ಮೊದಲನೆಯ ಜಾತಿಯನ್ನು ಪೂರ್ಣಪ್ರತಿಯೆಂದೂ ಎರಡನೆಯದನ್ನು ಸಂಗ್ರಹಪ್ರತಿಯೆಂದೂ ಕರೆಯಲಾಗಿದೆ. ಕೇಳುವುದಕ್ಕೆ ಇವೆರಡರಲ್ಲಿ ಯಾವುದು ಲೇಸು ಎಂಬ ವಾದವು ರಸಿಕರಲ್ಲಿ ಬಹುಕಾಲದಿಂದ ನಡೆದುಬಂದಿದೆ. ಆ ವಾದವು ನಿಲ್ಲಬೇಕಾದ ನೆಲೆಯಲ್ಲಿ ನಿಂತಿಲ್ಲವೆಂಬುದನ್ನೂ, ಇವುಗಳ ಭೇದವು ಕೇಳುವುದರಲ್ಲಿರುವುದಕ್ಕಿಂತ ಉಳಿಸುವುದರಲ್ಲಿ ಹೆಚ್ಚಾಗಿರುವುದೆಂಬುದನ್ನೂ ಈ ನಾಡಿನ ಶ್ರವಣಚರಿತ್ರೆಯೇ ತೋರಿಸಿಕೊಡುತ್ತದೆ.

ನಾದವನ್ನು ಹಿಡಿದಿಡುವ ಪ್ರಯತ್ನವು 1877ರಲ್ಲಿ ಎಡಿಸನ್ನನ ಫೋನೋಗ್ರಾಫಿನಿಂದ ಮೊದಲಾಯಿತು. ಚಪ್ಪಟೆಯಾದ ತಟ್ಟೆಯನ್ನು ಬಳಸುವ ಗ್ರಾಮಫೋನನ್ನು ಎಮಿಲ್ ಬರ್ಲಿನರನು 1887ರಲ್ಲಿ ಕಂಡುಹಿಡಿದನು. ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗನು 1902ನೆಯ ನವೆಂಬರಿನಲ್ಲಿ ಕಲ್ಕತ್ತೆಗೆ ಬಂದು ಅಲ್ಲಿನ ಗಾಯನವನ್ನು ಮುದ್ರಿಸಿಕೊಂಡನು. ಹಾಗೆ ಹಾಡಿದವರಲ್ಲಿ ಪ್ರಮುಖಳಾದ ಗೌಹರ್ ಜಾನಳಿಗೂ ಮೈಸೂರಿಗೂ ಇರುವ ಸಂಬಂಧವು ಮನನೀಯವಾದುದು. ಸುಮಾರು 600 ಗೀತಗಳನ್ನು ತಟ್ಟೆಗಳಿಗೆ ಹಾಡಿ, ದೇಶದಲ್ಲೆಲ್ಲ ಮನೆಮಾತಾಗಿದ್ದ ಈ ಗಾಯಕಿಯು ತನ್ನ ಕೊನೆಗಾಲದಲ್ಲಿ, 1928ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರವರ ಆಶ್ರಯದಲ್ಲಿ ಮೈಸೂರು ಆಸ್ಥಾನದ ಗಾಯಕಿಯಾಗಿ ನೇಮಕಗೊಂಡಳು. 1930ನೆಯ ಜನವರಿ 17ರಂದು ಮೈಸೂರಿನಲ್ಲಿಯೇ ತೀರಿಕೊಂಡಳು. ಪ್ರತಿಯೊಂದು ತಟ್ಟೆಯ ಕೊನೆಯಲ್ಲಿಯೂ ಅವಳು ಇಂಗ್ಲಿಷಿನಲ್ಲಿ ತನ್ನ ಹೆಸರನ್ನು ಕೂಗಿ ಹೇಳುವುದುಂಟು. ಇದು ಆಡಂಬರವಲ್ಲ. ತಟ್ಟೆಗಳನ್ನು ಒತ್ತುತ್ತಿದ್ದುದು ಜರ್ಮನಿಯ ಹಾನೋವರಿನಲ್ಲಿ. ಭಾಷೆಯನ್ನರಿಯದ ಅಲ್ಲಿನ ಕೆಲಸಗಾರರು ಯಾರ ತಟ್ಟೆಗೆ ಯಾರ ಚೀಟಿಯನ್ನು ಅಂಟಿಸಬೇಕೆಂದು ತಿಳಿಯಲು ಆ ಕೂಗು ಬೇಕಾಗಿತ್ತು. ಓಲೆಯ ಪ್ರತಿಗಳ ಕೊನೆಯಲ್ಲಿ ಲಿಪಿಕಾರರು ಹೆಸರನ್ನು ಬರೆಯುತ್ತಿದ್ದ ವಾಡಿಕೆಯನ್ನು ಇದು ನೆನಪಿಗೆ ತರುತ್ತದೆ.

ಆ ಕಾಲದ ತಟ್ಟೆಯು ನಾದದಲ್ಲಿ ಎಷ್ಟನ್ನು ಹಿಡಿಯುತ್ತಿತ್ತು, ಎಷ್ಟನ್ನು ಬಿಡುತ್ತಿತ್ತು ಎಂಬುದನ್ನು ಇಲ್ಲಿ ಸ್ವಲ್ಪ ವಿಚಾರಮಾಡಬೇಕು. 1925ರಲ್ಲಿ ವಿದ್ಯುತ್ತಿನ ಮೈಕ್ರೋಫೋನು ಬಳಕೆಗೆ ಬರುವವರೆಗೆ ಗಾಯಕನು ಒಂದು ದೊಡ್ಡ ಕಹಳೆಯ ಬಾಯೊಳಕ್ಕೆ ಹಾಡಬೇಕಾಗಿತ್ತು. ಕಂಠದ ನಡುಭಾಗದ ನಾದವು ಒಂದಿಷ್ಟು ಮುದ್ರಿತವಾಗುತ್ತಿತ್ತೇ ಹೊರತು, ಮೃದಂಗದ ಎಡಭಾಗದ ಗುಂಕಾರವಾಗಲಿ ತಂಬೂರಿಯ ಮೇಲಿನ ಅನುರಣನಗಳಾಗಲಿ ತಟ್ಟೆಗೆ ಬರುತ್ತಲೇ ಇರಲಿಲ್ಲವೆನ್ನಬಹುದು. ಇದಕ್ಕಿಂತಲೂ ದೊಡ್ಡ ನಷ್ಟವು ಕಾಲದ್ದು. ನಿಮಿಷಕ್ಕೆ 78 ಸುತ್ತು ತಿರುಗುವ ಹತ್ತು ಅಂಗುಲದ ತಟ್ಟೆಯ ಒಂದು ಮುಖದಲ್ಲಿ ಹಿಡಿಯುತ್ತಿದ್ದುದು ಸುಮಾರು ಮೂರು ನಿಮಿಷ. ಅರ್ಧ ಗಂಟೆಯ ಆಲಾಪನೆ, ನೆರವಲು, ಕಲ್ಪನಾಸ್ವರಗಳಿಂದ ಬೆಳೆಯಬೇಕಾದ ಕೃತಿಯು ಆ ಮೂರು ನಿಮಿಷದ ಚೌಕಟ್ಟಿಗೆ ಬಗ್ಗಬೇಕಾಯಿತು. ವಿದ್ವಾಂಸರು ರಾಗದ ಛಾಯೆಯನ್ನು ನಾಲ್ಕೈದು ಸಂಚಾರಗಳಲ್ಲಿ ತೋರಿಸಿ, ಚರಣಗಳಲ್ಲಿ ಒಂದೆರಡನ್ನು ಬಿಟ್ಟು, ಕಾಲವನ್ನು ಚುರುಕುಮಾಡಿ ಮುಗಿಸಿದರು. ಇಂಥ ಸಂಕ್ಷೇಪದಲ್ಲಿಯೂ ಒಂದು ಕಲೆ ಹುಟ್ಟಿಕೊಂಡಿತೆಂಬುದನ್ನು ಒಪ್ಪಬೇಕು. ಮೂರು ನಿಮಿಷದಲ್ಲಿ ರಾಗದ ಮುಖವನ್ನು ತೋರಿಸುವುದು ಸಾಮಾನ್ಯರಿಂದ ಆಗುವ ಕೆಲಸವಲ್ಲ. ಆದರೆ ನಷ್ಟವೆಂಬುದನ್ನು ಕೇವಲ ಅಂಕಿಗಳಿಂದ ಅಳೆಯುವ ಇಂದಿನ ವಾದಿಗಳು ಈ ಸಂಗತಿಯನ್ನು ಮರೆಯಬಾರದು. ಇಂದಿನ ಸಾಧಾರಣ ಎಂಪಿ3 ಫೈಲೊಂದು ಕಳೆಯುವುದಕ್ಕಿಂತ ಎಷ್ಟೋ ಪಾಲು ಹೆಚ್ಚಿನದನ್ನು ಆ ಅರಗಿನ ತಟ್ಟೆಯು ಹಾಡುವ ಮೊದಲೇ ಕಳೆದುಬಿಟ್ಟಿತ್ತು.

ತಟ್ಟೆಗೆ ಇನ್ನೊಂದು ಸ್ವಭಾವವೂ ಇದ್ದಿತು. ಉಕ್ಕಿನ ಮುಳ್ಳು ಪ್ರತಿಸಾರಿಯೂ ಅದರ ಗೆರೆಯನ್ನು ಕೊಂಚ ತೇಯುತ್ತಿತ್ತು. ಹಾಡನ್ನು ಕೇಳುವುದೆಂದರೆ ಅದನ್ನು ಸ್ವಲ್ಪ ಅಳಿಸುವುದೆಂದೇ ಅರ್ಥ. ಹೆಚ್ಚು ಪ್ರಿಯವಾದ ತಟ್ಟೆಯೇ ಮನೆಯಲ್ಲಿ ಮೊದಲು ಹಾಳಾಗುತ್ತಿದ್ದುದು ಈ ಕಾರಣದಿಂದ.

ತಟ್ಟೆಯ ಕಾಲದಲ್ಲಿ ಈ ನಷ್ಟಗಳನ್ನು ಹಣದಿಂದಲೂ ಶ್ರದ್ಧೆಯಿಂದಲೂ ಆದಷ್ಟು ಕಡಿಮೆಮಾಡಲು ಯತ್ನಿಸಿದ ಮನೆಯೊಂದು ಈ ನಾಡಿನಲ್ಲಿಯೇ ಇದ್ದಿತು. ಅದು ಮೈಸೂರಿನ ಅರಮನೆ. 1940ರಲ್ಲಿ ಸಿಂಹಾಸನವನ್ನೇರಿದ ಜಯಚಾಮರಾಜ ಒಡೆಯರವರು ಶ್ರೀವಿದ್ಯಾ ಎಂಬ ಅಂಕಿತದಲ್ಲಿ ಕರ್ಣಾಟಕ ಸಂಗೀತದ ಕೃತಿಗಳನ್ನು ರಚಿಸಿದ ವಾಗ್ಗೇಯಕಾರರು. ಪಾಶ್ಚಾತ್ಯ ಸಂಗೀತದಲ್ಲಿಯೂ ಅಷ್ಟೇ ಪರಿಶ್ರಮವುಳ್ಳವರು. ಅವರ ತಟ್ಟೆಗಳ ಭಂಡಾರದಲ್ಲಿ ಸುಮಾರು 20,000 ತಟ್ಟೆಗಳಿದ್ದುವೆಂದು ಅಂದಾಜು. ಇಂಗ್ಲೆಂಡಿನ ಧ್ವನಿಮುದ್ರಣ ನಿರ್ದೇಶಕನಾದ ವಾಲ್ಟರ್ ಲೆಗ್ಗನು ಮೈಸೂರಿಗೆ ಬಂದಾಗ ಆ ಭಂಡಾರವನ್ನೂ, ಬಗೆಬಗೆಯ ದೊಡ್ಡ ಧ್ವನಿವರ್ಧಕಗಳನ್ನೂ, ಪಿಯಾನೋಗಳನ್ನೂ ಕಂಡು ಬೆರಗಾದುದನ್ನು ತನ್ನ ನೆನಪುಗಳಲ್ಲಿ ದಾಖಲೆಮಾಡಿದ್ದಾನೆ. ಮಹಾರಾಜರ ಆಸಕ್ತಿಯು ಇದ್ದ ತಟ್ಟೆಗಳನ್ನು ಕೂಡಿಡುವುದರಲ್ಲಿ ಮುಗಿಯಲಿಲ್ಲ. ರಷ್ಯದ ನಿಕೋಲಾಯ್ ಮೆಟ್ನರನ ಸಂಗೀತವು ತಟ್ಟೆಗಳಲ್ಲಿ ಸಾಕಷ್ಟು ದೊರೆಯದಿದ್ದುದನ್ನು ಕಂಡು, 1940ರ ದಶಕದ ಕೊನೆಯಲ್ಲಿ ಅವರು ತಮ್ಮ ವೆಚ್ಚದಿಂದ ಆ ಕೃತಿಗಳನ್ನು ಲಂಡನ್ನಿನಲ್ಲಿ ಮುದ್ರಿಸಲು ಏರ್ಪಾಡುಮಾಡಿದರು. ಮುಪ್ಪಿನಲ್ಲಿಯೂ ಅನಾರೋಗ್ಯದಲ್ಲಿಯೂ ಇದ್ದ ಆ ಸಂಗೀತಗಾರನು ತಾನೇ ಪಿಯಾನೋ ನುಡಿಸಿದುದು ಇಂದು ಕೇಳಸಿಕ್ಕುವುದಕ್ಕೆ ಈ ಔದಾರ್ಯವು ಮುಖ್ಯ ಕಾರಣ. ಮೆಟ್ನರನು ತನ್ನ ಮೂರನೆಯ ಪಿಯಾನೋ ಕಾಂಚೆರ್ಟೋವನ್ನು ಮೈಸೂರಿನ ಮಹಾರಾಜರಿಗೆ ಅರ್ಪಿಸಿರುವನು.

ಇದಕ್ಕಿಂತಲೂ ಪ್ರಕೃತಕ್ಕೆ ಹತ್ತಿರವಾದ ಪ್ರಸಂಗವು 1950ರದು. ಜರ್ಮನಿಯ ರಿಖಾರ್ಡ್ ಸ್ಟ್ರೌಸನು ತನ್ನ ಅಂತ್ಯಕಾಲದಲ್ಲಿ ರಚಿಸಿದ ನಾಲ್ಕು ಗೀತಗಳು ಅವನು ಸತ್ತ ಮೇಲೆ, 1950ನೆಯ ಮೇ 22ರಂದು, ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಮೊದಲಬಾರಿಗೆ ಹಾಡಲ್ಪಟ್ಟುವು. ಹಾಡಿದವಳು ಕಿರ್ಸ್ಟೆನ್ ಫ್ಲಾಗ್‌ಸ್ಟಾಡ್. ಫಿಲ್‌ಹಾರ್ಮೋನಿಯಾ ವಾದ್ಯವೃಂದವನ್ನು ನಡೆಸಿದವನು ವಿಲ್‌ಹೆಲ್ಮ್ ಫುರ್ಟ್‌ವೆಂಗ್ಲರ್. ಈ ಕಛೇರಿಗೆ 4,800 ಡಾಲರುಗಳ ಭರವಸೆಯನ್ನು ಕೊಟ್ಟವರು ಜಯಚಾಮರಾಜ ಒಡೆಯರವರು. ಅವರಿಗೆ ಅಲ್ಲಿಗೆ ಹೋಗಲಾಗಲಿಲ್ಲ. ಗಾಯನವನ್ನು ಮುದ್ರಿಸಿ ಮೈಸೂರಿಗೆ ಕಳುಹಿಸಬೇಕೆಂಬುದೇ ಆ ಭರವಸೆಯ ಉದ್ದೇಶ. ಮನೆಯಲ್ಲಿ ಕುಳಿತು ಕೇಳುವುದಕ್ಕಾಗಿ ಒಬ್ಬ ಶ್ರೋತೃವು ಮಾಡಿದ ಇಂಥ ಏರ್ಪಾಡಿಗೆ ಹೋಲಿಕೆ ಸಿಕ್ಕುವುದು ಕಷ್ಟ. ಮುದ್ರಣವು ಅಸಿಟೇಟ್ ತಟ್ಟೆಗಳ ಮೇಲೆ ನಡೆಯಿತು. ಈ ತಟ್ಟೆಗಳ ಮೇಲ್ಪದರವು ಮೆತ್ತಗಿನದು; ಅರಗಿನ ತಟ್ಟೆಗಿಂತಲೂ ಬೇಗ ಸವೆಯತಕ್ಕದ್ದು. ಮುಂದೆ ಅವುಗಳಿಂದ ದೀರ್ಘಕಾಲದ ತಟ್ಟೆಯನ್ನು ಮಾಡಲು ಹೊರಟಾಗ ಅವು ಬಹಳ ಸವೆದುಹೋಗಿದ್ದುವು. ಹೊರಬಂದ ಪ್ರತಿಯನ್ನು ಕೇಳಿದವರು ನಿರಾಶರಾದರು. 2007ರಲ್ಲಿಯೂ 2014ರಲ್ಲಿಯೂ ಗಣಕದ ಸಹಾಯದಿಂದ ಅದನ್ನು ಶೋಧಿಸಿ ಮತ್ತೆ ಪ್ರಕಟಿಸಿದ್ದಾರೆ. ಕರಕರ ಶಬ್ದವು ತಗ್ಗಿ ಕಂಠವು ಸ್ಪಷ್ಟವಾಯಿತು. ಆದರೆ ಶೋಧನೆಯು ಮಸುಕಾದುದನ್ನು ತೊಳೆಯಬಲ್ಲುದೇ ವಿನಾ, ಸವೆದುಹೋದ ಗೆರೆಯಲ್ಲಿದ್ದ ನಾದವನ್ನು ಹುಟ್ಟಿಸಲಾರದು. ಅದೇ ಗಾಯನದ, ಸವೆಯದ ಪೂರ್ಣಪ್ರತಿಯೊಂದು ಎಲ್ಲಿಯಾದರೂ ಉಳಿದಿದ್ದರೆ ಆ ಶ್ರಮವೆಲ್ಲ ಬೇಕಾಗುತ್ತಿರಲಿಲ್ಲ.

ಅರಮನೆಯ ಹೊರಗೆ ಬಹುಜನರ ಮನೆಗಳಿಗೆ ಸಂಗೀತವನ್ನು ತಂದದ್ದು ರೇಡಿಯೋ. ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ನೆಯ ಸೆಪ್ಟೆಂಬರಿನಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ಪ್ರಸಾರವನ್ನು ಆರಂಭಿಸಿದರು. ‘ಆಕಾಶವಾಣಿ’ ಎಂಬ ಹೆಸರು ಹುಟ್ಟಿದುದು ಅಲ್ಲಿಯೇ. ಆ ದಿನಗಳಲ್ಲಿ ವಿದ್ವಾಂಸರು ನೇರವಾಗಿ ಹಾಡುತ್ತಿದ್ದರು, ಕೇಳುವವರು ಆ ಕ್ಷಣದಲ್ಲಿ ಕೇಳುತ್ತಿದ್ದರು. ಹಾಡಿದ್ದರಲ್ಲಿ ಬಹುಪಾಲು ಗಾಳಿಯೊಡನೆ ಹೋಯಿತು.

ಮನೆಯವರು ತಾವೇ ಮುದ್ರಿಸಿಕೊಳ್ಳಬಹುದಾದ ಸಾಧನವು ಬಂದುದು ಕ್ಯಾಸೆಟ್ಟಿನಿಂದ. ಫಿಲಿಪ್ಸ್ ಕಂಪನಿಯು 1963ರಲ್ಲಿ ಹೊರತಂದ ಈ ಸುರುಳಿಯು ಕರ್ಣಾಟಕದಲ್ಲಿ 1970ರ ದಶಕದ ಕೊನೆಯ ವೇಳೆಗೆ ಹರಡತೊಡಗಿತು. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗವನ್ನು ಸಂಯೋಜಿಸಿದ ‘ನಿತ್ಯೋತ್ಸವ’ವು 1978ರಲ್ಲಿ ಕನ್ನಡ ಭಾವಗೀತೆಗಳ ಮೊದಲ ಧ್ವನಿಸುರುಳಿಯೆಂದು ಹೆಸರಾಯಿತು. ಹೊಸಗನ್ನಡ ಕವಿತೆಯು ಪುಸ್ತಕವನ್ನು ಓದದವರ ಮನೆಗೂ ನಡೆದುಹೋಯಿತು; ಸಾಹಿತ್ಯಚರಿತ್ರಕಾರರು ಈ ಸಂಗತಿಗೆ ಕೊಡಬೇಕಾದಷ್ಟು ಸ್ಥಾನವನ್ನು ಇನ್ನೂ ಕೊಟ್ಟಿಲ್ಲ. ಆದರೆ ಕ್ಯಾಸೆಟ್ಟಿನ ನಾದವು ಕಾಂತಲೇಪದ ಸಣ್ಣ ಪಟ್ಟಿಯ ಮೇಲಿನದು. ಅದರಲ್ಲಿ ಸುಯ್ಯೆನ್ನುವ ಶಬ್ದವೊಂದು ಸದಾ ಇರುತ್ತದೆ. ಒಂದರಿಂದ ಇನ್ನೊಂದಕ್ಕೆ, ಆ ಇನ್ನೊಂದರಿಂದ ಮತ್ತೊಂದಕ್ಕೆ ಪ್ರತಿಮಾಡುತ್ತ ಹೋದಂತೆ ಆ ಸುಯ್ಯು ಬೆಳೆದು ಹಾಡು ಹಿಂದೆಸರಿಯುತ್ತದೆ. ಓಲೆಯಿಂದ ಓಲೆಗೆ ಪ್ರತಿಮಾಡುವಾಗ ಸ್ಖಾಲಿತ್ಯಗಳು ಕೂಡುತ್ತ ಹೋಗುವುದನ್ನು ಬಲ್ಲ ಗ್ರಂಥಸಂಪಾದಕರಿಗೆ ಇದನ್ನು ವಿಸ್ತರಿಸಿ ಹೇಳಬೇಕಾದುದಿಲ್ಲ.

1982ರಲ್ಲಿ ಫಿಲಿಪ್ಸ್ ಮತ್ತು ಸೋನಿ ಕಂಪನಿಗಳು ಹೊರತಂದ ಸಿ.ಡಿ.ಯಿಂದ ನಾದವು ಗೆರೆಯ ರೂಪವನ್ನು ಬಿಟ್ಟು ಅಂಕಿಯ ರೂಪವನ್ನು ತಳೆಯಿತು. ಒಂದು ಸೆಕೆಂಡಿನಲ್ಲಿ ನಾದದ ಒತ್ತಡವನ್ನು 44,100 ಸಲ ಅಳೆದು, ಪ್ರತಿ ಅಳತೆಯನ್ನೂ 65,536 ಮೆಟ್ಟಿಲುಗಳಲ್ಲಿ ಒಂದಕ್ಕೆ ಹೊಂದಿಸಿ ಬರೆಯುವುದು ಇದರ ಕ್ರಮ. ಎಡಬಲಗಳೆರಡಕ್ಕೂ ಸೇರಿ ಸೆಕೆಂಡಿಗೆ ಸುಮಾರು 14 ಲಕ್ಷ ಬಿಟ್‌ಗಳೂ, ನಿಮಿಷಕ್ಕೆ ಸುಮಾರು 10 ಮೆಗಾಬೈಟುಗಳೂ ಆಗುತ್ತವೆ. ಈ ಕ್ರಮದಿಂದ 22,050 ಹರ್ಟ್ಸ್‌ವರೆಗಿನ ಕಂಪನಗಳನ್ನು ಹಿಡಿಯಬಹುದು. ಎಳೆಯ ಕಿವಿಗೆ ಕೇಳಿಸುವ ಮಿತಿಯೇ 20,000ದ ಆಸುಪಾಸಿನದಾದುದರಿಂದ ಇದು ಸಾಕಾದುದೆಂದು ತಜ್ಞರು ನಿರ್ಣಯಿಸಿದರು. ಇದಕ್ಕಿಂತ ಸೂಕ್ಷ್ಮವಾದ ಅಳತೆಗಳು ಹಳೆಯ ತಟ್ಟೆಸುರುಳಿಗಳನ್ನು ವರ್ಗಾಯಿಸುವ ಕೆಲಸಕ್ಕೆ ಉಪಯುಕ್ತವೇ ಸರಿ. ಬರಿದೆ ಕೇಳುವ ಕಿವಿಗೆ ಅವುಗಳಿಂದ ಆಗುವ ಲಾಭವು ಸಂದೇಹಾಸ್ಪದ.

ಸಿ.ಡಿ.ಯ ಅಂಕಿರಾಶಿಯು ಅಂದಿನ ಗಣಕಗಳಿಗೂ ತಂತಿಮಾರ್ಗಗಳಿಗೂ ಹೊರಲಾರದ ಹೊರೆ. ಅದನ್ನು ಇಳಿಸುವ ಯತ್ನದಿಂದ ಹುಟ್ಟಿದುದು ಎಂಪಿ3. ಜರ್ಮನಿಯ ಎರ್ಲಾಂಗನ್ನಿನ ಫ್ರೌನ್‌ಹೋಫರ್ ಸಂಸ್ಥೆಯಲ್ಲಿ ಕಾರ್ಲ್‌ಹೈನ್ಸ್ ಬ್ರಾಂಡನ್‌ಬುರ್ಗ್ ಮೊದಲಾದವರು ಇದಕ್ಕಾಗಿ ಶ್ರಮಿಸಿದರು. ಇದನ್ನು ಒಳಗೊಂಡ ಅಂತರರಾಷ್ಟ್ರೀಯ ನಿಯಮಾವಳಿಯು 1993ರಲ್ಲಿ ಪ್ರಕಟವಾಯಿತು. ಎಂಪಿ3 ಎಂಬ ಹೆಸರು 1995ರಲ್ಲಿ ಗೊತ್ತಾಯಿತು. ಇದರ ತತ್ತ್ವವು ಯಂತ್ರಕ್ಕಿಂತ ಕಿವಿಗೆ ಸಂಬಂಧಿಸಿದುದು. ಜೋರಾದ ನಾದವೊಂದು ಕೇಳಿಸುತ್ತಿರುವಾಗ ಅದರ ಸಮೀಪದ ಶ್ರುತಿಯ ಮೆಲ್ಲನೆಯ ನಾದವು ಕಿವಿಗೆ ಬೀಳದು. ಜೋರಾದ ಘಾತವಾದ ಸ್ವಲ್ಪ ಹೊತ್ತಿನವರೆಗೂ ಅದರ ಬೆನ್ನ ಹಿಂದಿನ ಮೆಲುದನಿ ಅಡಗಿಹೋಗುತ್ತದೆ. ಆದುದರಿಂದ ನಾದವನ್ನು ಸೆಕೆಂಡಿನ ನಲವತ್ತರಲ್ಲಿ ಒಂದು ಪಾಲಿನಷ್ಟು ಸಣ್ಣ ತುಂಡುಗಳಾಗಿ ಮಾಡಿ, ಪ್ರತಿ ತುಂಡನ್ನೂ ಶ್ರುತಿಯ ಪ್ರಕಾರ ಬಿಡಿಸಿ, ಅಡಗಿದ ಭಾಗಗಳನ್ನು ಒರಟಾಗಿ ಬರೆದು ಅಥವಾ ಬರೆಯದೆಯೇ ಬಿಟ್ಟು ಮುಂದುವರಿದರೆ ಹೊರೆಯು ಬಹಳವಾಗಿ ಇಳಿಯುತ್ತದೆ. ಸೆಕೆಂಡಿಗೆ 128 ಕಿಲೋಬಿಟ್‌ಗಳ ಪ್ರಮಾಣದಲ್ಲಿ ಸಂಗ್ರಹಿಸಿದರೆ ಮೂಲದ ಹನ್ನೊಂದರಲ್ಲಿ ಒಂದು ಪಾಲು ಮಾತ್ರ ಉಳಿಯುತ್ತದೆ.

ಪೂರ್ಣಪ್ರತಿಯ ಉಪಾಯವು ಬೇರೆ. 2001ರಲ್ಲಿ ಜಾಶ್ ಕೋಲ್ಸನ್ನನು ಹೊರತಂದ ಫ್ಲಾಕ್ ಕ್ರಮದಲ್ಲಿ ಹಿಂದಿನ ಅಳತೆಗಳನ್ನು ನೋಡಿ ಮುಂದಿನ ಅಳತೆಯನ್ನು ಊಹಿಸಲಾಗುತ್ತದೆ. ಊಹೆಗೂ ವಾಸ್ತವಕ್ಕೂ ಇರುವ ಅಂತರವನ್ನು ಮಾತ್ರ ಚಿಕ್ಕದಾಗಿ ಬರೆಯಲಾಗುತ್ತದೆ. ಬಿಡಿಸುವಾಗ ಊಹೆಗೆ ಅಂತರವನ್ನು ಕೂಡಿಸಿದರೆ ಮೊದಲಿನ ಅಂಕಿಯೇ ಬರುತ್ತದೆ. ಸ್ಥಳವು ಸಾಮಾನ್ಯವಾಗಿ ಅರ್ಧದಿಂದ ಅರವತ್ತು ಪಾಲಿಗೆ ಇಳಿಯುತ್ತದೆ, ಅದಕ್ಕಿಂತ ಹೆಚ್ಚು ಇಳಿಯದು. ಒಂದು ಶ್ಲೋಕವನ್ನು ಪದಚ್ಛೇದಮಾಡಿ ಮತ್ತೆ ಸಂಧಿಗೂಡಿಸಿದರೆ ಅದೇ ಶ್ಲೋಕ ಬರುವುದು. ಅದರ ತಾತ್ಪರ್ಯವನ್ನು ಬರೆದಿಟ್ಟುಕೊಂಡರೆ ತಾತ್ಪರ್ಯದಿಂದ ಶ್ಲೋಕವು ಬಾರದು. ಫ್ಲಾಕಿಗೂ ಎಂಪಿ3ಗೂ ಇರುವ ವ್ಯತ್ಯಾಸವು ಇಷ್ಟೆ.

ಇನ್ನು ಕಿವಿಗೆ ಭೇದವು ತಿಳಿಯುವುದೋ ಎಂಬುದು. ಭಾರತೀಯ ವಾದ್ಯಗಳ ವಿಷಯದಲ್ಲಿ ಈ ಪ್ರಶ್ನೆಗೆ ವಿಶೇಷವಾದ ಅರ್ಥವುಂಟು. ಸಿ. ವಿ. ರಾಮನ್ನರು 1921ರಲ್ಲಿ ತಂಬೂರಿ ಮತ್ತು ವೀಣೆಗಳ ಮೇಲೆ ಬರೆದ ಪ್ರಬಂಧದಲ್ಲಿ, ತಂತಿಯನ್ನು ಮೀಟಿದ ಸ್ಥಳಕ್ಕನುಸಾರವಾಗಿ ಕೆಲವು ಅನುರಣನಗಳು ಹುಟ್ಟಲೇಬಾರದೆಂಬ ಪಾಶ್ಚಾತ್ಯ ನಿಯಮವನ್ನು ಈ ವಾದ್ಯಗಳು ಮೀರುವುವೆಂದು ತೋರಿಸಿದರು. ಅಗಲವಾದ ಕುದುರೆಯ ಬಾಗಿದ ಮೈಯೂ, ತಂಬೂರಿಯಲ್ಲಿ ತಂತಿಯ ಅಡಿಗೆ ಇಡುವ ನೂಲೆಳೆಯೂ ಇದಕ್ಕೆ ಕಾರಣ. ಬೆಂಗಳೂರಿಗೆ ಬಂದ ಮೇಲೆ, ತಾವೇ 1934ರಲ್ಲಿ ಸ್ಥಾಪಿಸಿದ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಅವರು ಮೃದಂಗಾದಿ ಚರ್ಮವಾದ್ಯಗಳ ವಿಷಯವನ್ನು ಎತ್ತಿಕೊಂಡು, ಬಲಮುಖದ ಕರಣೆಯ ಭಾರದಿಂದ ಆ ಚರ್ಮಕ್ಕೆ ತಂತಿಯಂತೆ ಶ್ರುತಿಬದ್ಧವಾದ ಅನುರಣನಗಳು ಬರುವುದನ್ನು ವಿವರಿಸಿದರು. ಹೀಗೆ ಅನುರಣನಗಳ ಸಮೃದ್ಧಿಯೇ ಈ ವಾದ್ಯಗಳ ಜೀವ. ತಂಬೂರಿಯ ನಾದವು ಕಛೇರಿಯುದ್ದಕ್ಕೂ ಹಾಡಿನ ಹಿಂದೆ ಮೆಲ್ಲನೆ ಇರುವುದರಿಂದ, ಅಡಗಿದುದನ್ನು ಕಳೆಯುವ ಎಂಪಿ3ಯ ಕತ್ತರಿಗೆ ಮೊದಲು ಸಿಕ್ಕುವುದೂ ಅದೇ. ಸೆಕೆಂಡಿಗೆ 64 ಕಿಲೋಬಿಟ್‌ಗಳಷ್ಟು ಕೀಳುಪ್ರಮಾಣದಲ್ಲಿ ತಂಬೂರಿಯ ಮೇಲಿನ ಝೇಂಕಾರವು ನೀರಿನೊಳಗಿನಿಂದ ಬಂದಂತೆ ತೊಳಲಾಡುತ್ತದೆ. ಮೃದಂಗದ, ಮೋರ್ಚಿಂಗಿನ, ತಾಳದ ಹಠಾತ್ತಾದ ಘಾತಗಳಿಗೆ ಮುಂಚೆಯೇ ಒಂದು ಮಸುಕಾದ ಸದ್ದು ಮೂಡುವುದೂ ಉಂಟು.

ಆದರೆ ಇದು ಕೀಳುಪ್ರಮಾಣದ ಮಾತು. ಪ್ರಮಾಣವು 256 ಅಥವಾ 320ಕ್ಕೆ ಏರಿದಾಗ, ಯಾವುದು ಯಾವುದೆಂದು ಹೇಳದೆ ಎರಡನ್ನೂ ಕೇಳಿಸಿದರೆ ಬಹುಮಂದಿ ಶ್ರೋತೃಗಳು ಭೇದವನ್ನು ಗುರುತಿಸಲಾರರು. ತರಬೇತಾದ ಕಿವಿಗಳೂ ಆಯ್ದ ಕೆಲವು ಎಡೆಗಳಲ್ಲಿ ಮಾತ್ರ ಗುರುತಿಸಿಯಾವು. ಪ್ರಾಯವಾದಂತೆ ಮೇಲಿನ ಶ್ರುತಿಗಳನ್ನು ಕೇಳುವ ಶಕ್ತಿ ಕುಗ್ಗುವುದೂ ಪ್ರಸಿದ್ಧವೇ. 2021ರಿಂದ ಆಪಲ್ ಮ್ಯೂಸಿಕ್ಕಿನವರು ಪೂರ್ಣಪ್ರತಿಗಳನ್ನು ಅಂತರಜಾಲದ ಮೂಲಕ ಒದಗಿಸುತ್ತಿದ್ದಾರೆ; ಆದರೆ ಅದನ್ನು ತಂತಿಯಿಲ್ಲದ ಬ್ಲೂಟೂತ್ ಕರ್ಣಸಾಧನದಲ್ಲಿ ಕೇಳುವವರಿಗೆ ಆ ಸಾಧನವೇ ಹಾದಿಯಲ್ಲಿ ಮತ್ತೆ ಸಂಗ್ರಹಮಾಡಿ ಕೊಡುವುದೆಂಬುದು ಸಾಮಾನ್ಯವಾಗಿ ತಿಳಿದಿರುವುದಿಲ್ಲ. ಹೀಗಿರಲು ಪೂರ್ಣಪ್ರತಿಯನ್ನು ಕೇಳಿದವನೇ ರಸಿಕ, ಸಂಗ್ರಹಪ್ರತಿಯನ್ನು ಕೇಳಿದವನು ಅರಸಿಕನೆಂಬ ಮಾತಿಗೆ ಆಧಾರವಿಲ್ಲ.

ಭೇದವು ಗೋಚರವಾಗುವುದು ಪ್ರತಿಯಿಂದ ಪ್ರತಿಯನ್ನು ಮಾಡುವಾಗ. ಪೂರ್ಣಪ್ರತಿಯಿಂದ ಎಷ್ಟು ಬೇಕಾದರೂ ಸಂಗ್ರಹಗಳನ್ನು ತೆಗೆಯಬಹುದು; ನಾಳೆ ಇದಕ್ಕಿಂತ ಜಾಣತನದ ಸಂಗ್ರಹಕ್ರಮವು ಬಂದರೆ ಅದರಲ್ಲಿಯೂ ತೆಗೆಯಬಹುದು. ಸಂಗ್ರಹಪ್ರತಿಯನ್ನು ಮತ್ತೊಂದು ಕ್ರಮಕ್ಕೆ ಬದಲಿಸಿದರೆ ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ಪ್ರತಿಮಾಡಿದಂತೆ ನಷ್ಟದ ಮೇಲೆ ನಷ್ಟವು ಸೇರುತ್ತದೆ. ಎಂಪಿ3ಯನ್ನು ಫ್ಲಾಕಿನ ಹೊದಿಕೆಯಲ್ಲಿ ಸುತ್ತಿದರೆ ಗಾತ್ರವು ಬೆಳೆಯುವುದೇ ಹೊರತು ಹೋದ ನಾದವು ಮರಳದು. ಹೀಗೆ ಸುತ್ತಿದ ಫೈಲುಗಳು ಪೂರ್ಣಪ್ರತಿಗಳೆಂಬ ಹೆಸರಿನಲ್ಲಿ ಧಾರಾಳವಾಗಿ ಓಡಾಡುತ್ತಿವೆ. ಅವುಗಳ ಶ್ರುತಿಚಿತ್ರವನ್ನು ತೆಗೆದುನೋಡಿದರೆ ಸುಮಾರು 16,000 ಹರ್ಟ್ಸ್‌ನ ಮೇಲೆ ಕತ್ತರಿಸಿದ ಅಂಚು ಅನೇಕ ವೇಳೆ ಕಾಣುತ್ತದೆ. ಕೂಟಶಾಸನಗಳನ್ನು ಲಿಪಿಯಿಂದ ಹಿಡಿಯುವ ವಿದ್ಯೆಗೆ ಇದು ಸೋದರಿ. ಪ್ರಾಮಾಣಿಕವಾದ ಫ್ಲಾಕ್ ಫೈಲಿನಲ್ಲಾದರೋ ಮೂಲದ ಅಂಕಿಗಳಿಂದ ಲೆಕ್ಕಹಾಕಿದ ಒಂದು ಮುದ್ರೆಯು ಅಡಗಿರುತ್ತದೆ. ನೂರನೆಯ ಪ್ರತಿಯನ್ನು ಬಿಡಿಸಿ ಲೆಕ್ಕಹಾಕಿದಾಗಲೂ ಅದೇ ಮುದ್ರೆ ಬಂದರೆ ನಡುವೆ ಒಂದು ಅಂಕಿಯೂ ಪಲ್ಲಟವಾಗಿಲ್ಲವೆಂದು ಸಿದ್ಧವಾಗುತ್ತದೆ. ಪಾಠಾಂತರವಿಲ್ಲದ ಪ್ರತಿಪರಂಪರೆ ಎಂಬುದು ಹಸ್ತಪ್ರತಿಗಳ ಚರಿತ್ರೆಯಲ್ಲಿ ಎಂದೂ ಕಾಣದುದು. ನಾದಕ್ಕೆ ಅದು ಈಗ ಸಾಧ್ಯವಾಗಿದೆ.

ಸಂಗ್ರಹದಿಂದಾಗುವ ನಷ್ಟವೆಷ್ಟೆಂಬುದಕ್ಕೆ ಸಾಹಿತ್ಯದ ಕಡೆಯಿಂದಲೂ ಒಂದು ಅಳತೆಯುಂಟು. ಬೆಳ್ತಂಗಡಿ ತಾಲ್ಲೂಕಿನ ಮಾಚಾರಿನ ಗೋಪಾಲ ನಾಯ್ಕರು ತುಳುವಿನ ಸಿರಿ ಪಾಡ್ದನವನ್ನು ಬಲ್ಲವರು. ಅವರು ಬಾಯಲ್ಲಿ ಹೇಳಿ ಬರೆಯಿಸಿದಾಗ ಆ ಕಾವ್ಯವು ಸುಮಾರು 8,500 ಸಾಲುಗಳಾಯಿತು. 1990ನೆಯ ಡಿಸೆಂಬರಿನಲ್ಲಿ ಫಿನ್ಲೆಂಡಿನ ಲೌರಿ ಹೋಂಕೋರವರು ಬಿ. ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡರೇ ಮೊದಲಾದವರೊಡನೆ ಅದನ್ನು ಹಾಡುಗಾರಿಕೆಯಲ್ಲಿಯೇ ಯಂತ್ರಗಳಿಂದ ಮುದ್ರಿಸಿಕೊಂಡರು. 1998ರಲ್ಲಿ ಅಚ್ಚಾದ ಆ ಪಾಠದಲ್ಲಿರುವುದು 15,683 ಸಾಲು. ಕವಿ ಒಬ್ಬನೇ, ಕಥೆಯೂ ಒಂದೇ. ಹಿಡಿದ ಸಾಧನವು ಬೇರೆಯಾದುದರಿಂದ ಕಾವ್ಯವು ಇಮ್ಮಡಿಗೆ ಸಮೀಪವಾಯಿತು. ಬರೆಹವು ಮಾತ್ರ ಇದ್ದಿದ್ದರೆ ಉಳಿದರ್ಧದ ಇರವೇ ವಿದ್ವಾಂಸರಿಗೆ ತಿಳಿಯುತ್ತಿರಲಿಲ್ಲ.

ಈಗ ಅರಮನೆಯಿಂದಲೂ ವಿದ್ವತ್ಸಭೆಯಿಂದಲೂ ದೂರವಾದ ಒಂದು ಊರನ್ನು ನೋಡಬಹುದು. ದೊಡ್ಡಬಳ್ಳಾಪುರ ತಾಲ್ಲೂಕಿನ ಐದು ಹೋಬಳಿಗಳಲ್ಲಿ ಸಾಸಲು ಒಂದು. ರಾಗಿಯ ಹೊಲಗಳ ನಡುವಿನ ಇಂಥ ಬಯಲುಸೀಮೆಯ ಊರುಗಳಲ್ಲಿ ಮನೆಯ ಸಂಗೀತವೆಂದರೆ ಮೊದಲು ರೇಡಿಯೋ, ಆಮೇಲೆ ಟೇಪುರೆಕಾರ್ಡರು, ಅದರ ಬೆನ್ನಿಗೆ ಮೊಬೈಲಿನ ಮೆಮೊರಿ ಕಾರ್ಡು. ಪೇಟೆಯ ಮೊಬೈಲು ಅಂಗಡಿಯಲ್ಲಿ ಅಷ್ಟಿಷ್ಟು ಹಣವನ್ನು ಕೊಟ್ಟು ಕಾರ್ಡಿಗೆ ‘ಹಾಡು ಹಾಕಿಸಿಕೊಂಡು’ ಬರುವುದು ಕೆಲವು ವರ್ಷಗಳ ಕಾಲ ಸರ್ವಸಾಮಾನ್ಯವಾದ ವಾಡಿಕೆಯಾಗಿತ್ತು. 4 ಗಿಗಾಬೈಟಿನ ಕಾರ್ಡಿನಲ್ಲಿ ಸಿ.ಡಿ.ಯ ರೂಪದಲ್ಲಾದರೆ ಐದು ನಿಮಿಷದ ಹಾಡುಗಳು ಸುಮಾರು 80 ಹಿಡಿದಾವು. 128ರ ಪ್ರಮಾಣದ ಎಂಪಿ3ಯಾದರೆ 800ಕ್ಕೂ ಮಿಕ್ಕು. ಅರಮನೆಯ ಭಂಡಾರದ ಒಂದು ಸಣ್ಣ ಪಾಲಿನಷ್ಟು ಸಂಗೀತವು ಉಗುರಿನಗಲದ ಚೂರಿನಲ್ಲಿ ರೈತನ ಜೇಬಿಗೆ ಬಂದುದು ಸಂಗ್ರಹಪ್ರತಿಯ ಉಪಕಾರವೇ. ಅದನ್ನು ಹಳಿಯುವುದು ಕೃತಘ್ನತೆ.

ಅಂಗಡಿಯಲ್ಲಿ ಹಾಕಿಸಿಕೊಂಡ ಚಿತ್ರಗೀತಕ್ಕೆ ಮೂಲಪ್ರತಿಯು ಕಂಪನಿಯವರಲ್ಲಿ ಇದ್ದೇ ಇರುತ್ತದೆ. ವಿಚಾರಮಾಡಬೇಕಾದುದು ಮೂಲವೇ ಮನೆಯಲ್ಲಿರುವ ಮುದ್ರಿಕೆಗಳನ್ನು. 1980ರ ಮತ್ತು 1990ರ ದಶಕಗಳಲ್ಲಿ ಹಳ್ಳಿಯ ಮನೆಗಳ ಟೇಪುರೆಕಾರ್ಡರುಗಳು ಕೇಳಿಸಿದುವಲ್ಲದೆ ಮುದ್ರಿಸಿಯೂ ಕೊಂಡುವು. ಮದುವೆಯ ಸೋಬಾನೆ, ಭಜನೆಮನೆಯ ತತ್ತ್ವಪದ, ಜಾತ್ರೆಯ ಹರಿಕಥೆ, ರಾತ್ರಿಯಿಡೀ ನಡೆದ ಬಯಲಾಟ, ಅಜ್ಜಿಯ ಬೀಸುವ ಪದ: ಇವುಗಳಿಗೆ ಕಂಪನಿಯಿಲ್ಲ, ಎರಡನೆಯ ಪ್ರತಿಯೂ ಇಲ್ಲ. ಹಾಡಿದವರಲ್ಲಿ ಅನೇಕರು ಈಗ ಇಲ್ಲ. ಗ್ರಾಮಫೋನಿನ ಯುಗದ ಅನುಭವವೂ ಇದನ್ನೇ ಹೇಳುತ್ತದೆ. ಹಳೆಯ ವಿದ್ವಾಂಸರ 78ರ ತಟ್ಟೆಗಳಲ್ಲಿ ಇಂದು ಕೇಳಸಿಕ್ಕುವ ಎಷ್ಟೋ ಗಾಯನಗಳು ಮರಳಿ ದೊರೆತುದು ಕಂಪನಿಗಳ ಉಗ್ರಾಣಗಳಿಂದಲ್ಲ, ತಟ್ಟೆಗಳನ್ನು ಅಟ್ಟದ ಮೇಲೆ ಜೋಪಾನಮಾಡಿದ ಮನೆಗಳಿಂದ, ಸಂಗ್ರಾಹಕರಿಂದ.

ಆ ಕ್ಯಾಸೆಟ್ಟುಗಳನ್ನು ಈಗ ಮನೆಯವರು ಸ್ಟುಡಿಯೋಗಳಿಗೆ ಕೊಟ್ಟು ಎಂಪಿ3 ಮಾಡಿಸುತ್ತಾರೆ. ಪಟ್ಟಿಗೆ ಬೂಷ್ಟು ಹಿಡಿದಿರುವುದರಿಂದ, ಟೇಪುರೆಕಾರ್ಡರು ಕೆಟ್ಟಿರುವುದರಿಂದ, ಕೆಲಸ ಮುಗಿದೊಡನೆ ಕ್ಯಾಸೆಟ್ಟನ್ನು ಎಸೆದುಬಿಡುತ್ತಾರೆ. ಸುಯ್ಯೆನ್ನುವ ಸದ್ದಿನ ನಡುವೆ ಮುಳುಗಿರುವ ಮುದುಕಿಯ ದನಿಯಲ್ಲಿ ಯಾವುದು ಅಡಗಿದ ನಾದ, ಯಾವುದು ಬೇಕಾದ ನಾದ ಎಂಬ ನಿರ್ಣಯವು ಆ ಕ್ಷಣದಲ್ಲಿ ಯಂತ್ರದ ಪಾಲಿಗೆ ಬಿಟ್ಟದ್ದಾಗುತ್ತದೆ. ಸ್ಟ್ರೌಸನ ಗೀತಗಳ ಸವೆದ ತಟ್ಟೆಯನ್ನು ಶೋಧಿಸಿದಂತೆ ಮುಂದೆ ಯಾರಾದರೂ ಇದನ್ನು ಶೋಧಿಸಹೊರಟರೆ, ಸುಯ್ಯಿನಿಂದ ದನಿಯನ್ನು ಬೇರ್ಪಡಿಸಲು ಬೇಕಾದ ಸೂಕ್ಷ್ಮವಾದ ಗುರುತುಗಳು ಮೊದಲೇ ಕಳೆದುಹೋಗಿರುತ್ತವೆ. ಸ್ಥಳದ ಅಭಾವವೆಂಬ ಹಳೆಯ ಕಾರಣವು ಈಗ ನಿಲ್ಲುವಂತಿಲ್ಲ. ಒಂದು ಗಂಟೆಯ ಕ್ಯಾಸೆಟ್ಟನ್ನು ಸಿ.ಡಿ.ಯ ಪ್ರಮಾಣದಲ್ಲಿ ಅಳೆದು ಫ್ಲಾಕ್ ಮಾಡಿದರೆ ಸುಮಾರು 350 ಮೆಗಾಬೈಟುಗಳಾಗುತ್ತವೆ. ಅಂಗೈಯಗಲದ, ಒಂದು ಟೆರಾಬೈಟಿನ ಡಿಸ್ಕಿನಲ್ಲಿ ಅಂಥ ಕ್ಯಾಸೆಟ್ಟುಗಳು 2,800ರಷ್ಟು ಹಿಡಿಯುತ್ತವೆ.